ಆಡಿಯೊ ಪ್ಲೇ ಮಾಡಲು ಯಾವ ಲೈಬ್ರರಿ ಬೆಸ್ಟ್?

ಪ್ರಾಜೆಕ್ಟ್ ಸಲ್ಲಿಸುವ ದಿನ ಹತ್ತಿರವಾದಂತೆ ಶಿವಮೊಗ್ಗದ ಇಂಜಿನಿಯರಿಂಗ್ ವಿದ್ಯಾರ್ಥಿಗಳು ನನ್ನನ್ನು ಹುಡುಕಿಕೊಂಡು ಬಂದು ಕೇಳುವ ಪ್ರಶ್ನೆ ಇದೊಂದೇ. (ಲೈಬ್ರರಿ ಎಂದರೆ ಇಲ್ಲಿ ನಮ್ಮ ಪ್ರೋಗ್ರಾಂಗೆ ಜೋಡಿಸಿಕೊಳ್ಳುವ, ಬೇರೆಯವರು ಬರೆದಿಟ್ಟ ಸಿದ್ಧ ಕೋಡ್.) ಜೊತೆಗೆ, "ಜಾಸ್ತಿ ಏನಿಲ್ಲ, ಒಂದು ಫೈಲ್ ಪ್ಲೇ ಆದ್ರೆ ಸಾಕು" ಎಂಬ ವಿನಯ ಬೇರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿರುವುದರಿಂದ ಬರೆದಿಡುತ್ತಿದ್ದೇನೆ.

ವಿಂಡೋಸ್‌ನಲ್ಲಿ ಪೈಥಾನ್ ಬಳಸುತ್ತಿದ್ದು, ಕೆಲಸ ಮುಗಿದಾಗ ಒಂದು ವೇವ್ (.wav) ಫೈಲ್ ಕೇಳಿಸಿದರೆ ಸಾಕೆನ್ನುವವರಿಗೆ ಪೈಥಾನ್ ಜೊತೆಗೇ ಬರುವ ವಿನ್‌ಸೌಂಡ್ ಧಾರಾಳವಾಯಿತು. ಅದು ಎಂಪಿ3 ಓದುವುದಿಲ್ಲ, ಲಿನಕ್ಸ್‌ನಲ್ಲಂತೂ ಇಲ್ಲವೇ ಇಲ್ಲ. ಪೈಥಾನ್‌ನಲ್ಲೇ ಆಟ ಬರೆಯುವವರು ಪೈಗೇಮ್ ಹಿಡಿಯಲಿ. ಸಿ ಭಾಷೆಯವರಿಗೆ ಮಿನಿಆಡಿಯೊ ಇದೆ. ವೇವ್, ಫ್ಲ್ಯಾಕ್, ಎಂಪಿ3 ಮೂರನ್ನೂ ತಾನೇ ಓದುತ್ತದೆ, ಪರವಾನಗಿಯ ತಕರಾರೂ ಇಲ್ಲ. ಅವಸರದಲ್ಲಿರುವವರು ಇಲ್ಲಿಗೇ ಎದ್ದು ಹೋಗಬಹುದು.

ತೀರ್ಥಹಳ್ಳಿಯ ಕಡೆಯ ಮದುವೆಮನೆಯೊಂದರಲ್ಲಿ, ಎಲೆಯ ಮುಂದೆ ಕೂತು ಸಾರನ್ನ ಕಲಸುತ್ತಿದ್ದಾಗ, ಪಕ್ಕದ ಹುಡುಗ ಇದನ್ನೇ ಕೇಳಿದ. ಪೈಗೇಮ್ ಎಂದೆ. "ಅದು ತುಂಬಾ ಸ್ಲೋ ಅಣ್ಣ, ಬೇರೆ ಹೇಳಿ" ಎಂದ. ಏನು ಮಾಡುತ್ತಿದ್ದೀಯೆಂದು ಕೆದಕಿದ ಮೇಲೆ ವಿಷಯ ಹೊರಬಿತ್ತು: ಕೀ ಒತ್ತಿದರೆ ಚಂಡೆಯ ಪೆಟ್ಟು ಕೇಳಿಸಬೇಕಂತೆ. ಎಲ್ಲಿಂದಲೋ ನಕಲಿಸಿದ ಕೋಡ್‌ನಲ್ಲಿ ಬಫರ್, ಅಂದರೆ ಒಂದು ಸಲಕ್ಕೆ ಕೂಡಿಟ್ಟು ಕಳಿಸುವ ಶಬ್ದದ ತುಂಡು, 4096 ಸ್ಯಾಂಪಲ್ ಎಂದಿತ್ತು. ಸೆಕೆಂಡಿಗೆ 44,100 ಸ್ಯಾಂಪಲ್ (ಶಬ್ದದ ಬಿಡಿ ಅಳತೆಗಳು) ಹರಿಯುವಾಗ 4096 ಎಂದರೆ ಸುಮಾರು 93 ಮಿಲಿಸೆಕೆಂಡ್. ಭಾಗವತರ ತಾಳಕ್ಕೆ ಅಷ್ಟು ತಡವಾಗಿ ಪೆಟ್ಟು ಹಾಕುವ ಚಂಡೆಯವನನ್ನು ಯಾವ ಮೇಳವೂ ಮರುದಿನ ಕರೆಯುವುದಿಲ್ಲ. ಅದನ್ನು 512 ಮಾಡಿದರೆ 12 ಮಿಲಿಸೆಕೆಂಡಿಗೂ ಕಡಿಮೆ. ಇನ್ನೊಂದು ಸಂಗತಿ, ಎಂಪಿ3 ಮಾಡುವಾಗ ಫೈಲಿನ ಮೊದಲಿಗೆ ಒಂದಿಷ್ಟು ಮೌನ ಸೇರಿಕೊಳ್ಳುವುದರಿಂದ ಇಂಥ ಪೆಟ್ಟುಗಳನ್ನು ವೇವ್‌ನಲ್ಲೇ ಇಡಬೇಕು. ದೂರು ಲೈಬ್ರರಿಯ ಮೇಲೆ, ದೋಷ ಒಂದು ಸಂಖ್ಯೆಯಲ್ಲಿ!

ಫೈಲನ್ನು ಇಡಿಯಾಗಿ ಮೆಮೊರಿಗೆ ಏರಿಸಬೇಕೋ, ಅಷ್ಟಷ್ಟೇ ಓದುತ್ತ ಹೋಗಬೇಕೋ ಎಂದು ಯಾರಾದರೂ ಕೇಳಿದ್ದರೆ ನಾನು ಊಟ ಬಿಟ್ಟಾದರೂ ಉತ್ತರಿಸುತ್ತಿದ್ದೆ. ಚಂಡೆಯ ಪೆಟ್ಟು ಮೆಮೊರಿಯಲ್ಲಿ ಸಿದ್ಧವಾಗಿರಬೇಕು. ಆದರೆ ಮೂರು ಗಂಟೆಯ ತಾಳಮದ್ದಳೆಯ ಎಂಪಿ3ಯನ್ನು ಅದೇ ರೀತಿ ಪೈಗೇಮ್‌ನ ಸೌಂಡ್ ಭಾಗಕ್ಕೆ ಕೊಟ್ಟರೆ, ಸಿಡಿ ಗುಣಮಟ್ಟದ ಸ್ಟೀರಿಯೊ ಆಗಿ ಬಿಚ್ಚಿಕೊಂಡು ಅದು 1.9 ಜಿಬಿ ನುಂಗುತ್ತದೆ. ಅದೇ ಪೈಗೇಮ್‌ನ ಮ್ಯೂಸಿಕ್ ಭಾಗ ಫೈಲನ್ನು ತುಸು ತುಸುವೇ ಓದುತ್ತದೆ. ಆದರೆ ಒಂದು ಸಲಕ್ಕೆ ಒಂದೇ ಫೈಲ್.

ಆದ್ದರಿಂದ ಇನ್ನು ಮುಂದೆ ಕೇಳುವವರು ಭಾಷೆ ಯಾವುದು, ಪ್ರೋಗ್ರಾಂ ಓಡುವುದು ಯಾವುದರ ಮೇಲೆ, ಫೈಲ್ ಎಷ್ಟು ಉದ್ದ, ಒಟ್ಟಿಗೆ ಎಷ್ಟು ಶಬ್ದ ಕೇಳಿಸಬೇಕು, ತಡವಾದರೆ ನಡೆಯುತ್ತದೆಯೇ ಎಂಬುದನ್ನು ಮೊದಲು ತಿಳಿಸತಕ್ಕದ್ದು. ಊಟದ ಪಂಕ್ತಿಯಲ್ಲಾದರೆ ಹೋಳಿಗೆ ಬಡಿಸಿ ಮುಗಿಯುವ ತನಕ ಕಾಯತಕ್ಕದ್ದು.