ಕನ್ನಡಕದ ಮೇಲೆ ಒಂದು ಶಿಲುಬೆ

ನಾನು ಹುಟ್ಟಿದ 12ನೇ ದಿನ ನನಗೆ ಜ್ಞಾನಸ್ನಾನ, ಅಂದರೆ ಬ್ಯಾಪ್ಟಿಸಂ, ಆಯಿತು. ಅಜ್ಜಿ ಎತ್ತಿಕೊಂಡು ಹೋದರು, ಫಾದರ್ ತಲೆಗೆ ನೀರು ಹಾಕಿದರು, ನಾನು ಇಡೀ ಮೈಸೂರಿಗೆ ಕೇಳುವ ಹಾಗೆ ಕಿರುಚಿದೆನಂತೆ. ಅಷ್ಟೇ. ನಿನಗೆ ಇಷ್ಟ ಇದೆಯಾ ಅಂತ ಯಾರೂ ಕೇಳಲಿಲ್ಲ. ಕೇಳಿದ್ದರೂ ನಾನೇನು ಹೇಳುತ್ತಿದ್ದೆ, ಬಿಡಿ.

ಹಾಗಾಗಿ ಹೋದ ವರ್ಷ, ಇಲ್ಲಿ ಲಂಡನ್ನಿನ ಹ್ಯಾರೋದಲ್ಲಿ, ಊಟದ ಡಬ್ಬಿ ಬಿಚ್ಚಿಕೊಂಡು ಕೂತಿದ್ದಾಗ ಜೊತೆಯಲ್ಲಿ ಕೆಲಸ ಮಾಡುವವಳು "ಕ್ಯಾಥೊಲಿಕ್ ಆಗೋದು ಹೇಗೆ?" ಅಂತ ಕೇಳಿದಾಗ ನಾನು ತಬ್ಬಿಬ್ಬಾದೆ. ನಾವಿಬ್ಬರೂ ಆಸ್ಪತ್ರೆಯ ಔಷಧಿ ವಿಭಾಗದಲ್ಲಿ ಇರುವವರು. ಅವಳು ಇಂಗ್ಲಿಷ್ ಹುಡುಗಿ. ಹುಡುಗಿ ಅಂದರೆ 41 ವರ್ಷ. ಮನೆಯಲ್ಲಿ ದೇವರ ಸುದ್ದಿಯೇ ಇಲ್ಲದೆ ಬೆಳೆದವಳು. ಒಂದು ದಿನ ನೈಟ್ ಡ್ಯೂಟಿ ಮುಗಿಸಿ ಬಸ್ಸಿಗೆ ಕಾಯುವಾಗ ಜೋರು ಮಳೆ ಬಂತಂತೆ. ಎದುರಿಗೆ ಚರ್ಚಿನ ಬಾಗಿಲು ತೆಗೆದಿತ್ತು, ಒಳಗೆ ನುಗ್ಗಿದಳು. ಬೆಳಗಿನ ಪೂಜೆ, ಏಳೆಂಟು ಜನ. "ಯಾರೂ ನನ್ನ ಕಡೆ ತಿರುಗಿ ನೋಡಲಿಲ್ಲ, ಅದೇ ನನಗೆ ಹಿಡಿಸಿತು" ಅಂದಳು. ಆಮೇಲೆ ಮಳೆ ಇಲ್ಲದ ದಿನವೂ ಹೋಗತೊಡಗಿದಳು.

ಫಾದರ್ ಹತ್ತಿರ ಕರೆದುಕೊಂಡು ಹೋದೆ. ಫಾರ್ಮು, ಫೀಸು ಏನಾದರೂ ಇರುತ್ತದೆ ಅಂತ ಅವಳು ಪರ್ಸು ಕೈಯಲ್ಲೇ ಹಿಡಿದಿದ್ದಳು. ಫಾದರ್, "ಸೆಪ್ಟೆಂಬರಿನಿಂದ ಮಂಗಳವಾರ ಸಂಜೆ ಏಳೂವರೆಗೆ ಬನ್ನಿ, ಟೀ ಇರುತ್ತದೆ. ಬೇಡ ಅನ್ನಿಸಿದರೆ ಬರೋದು ನಿಲ್ಲಿಸಿ, ಯಾರೂ ಫೋನ್ ಮಾಡಿ ಕೇಳಲ್ಲ" ಅಂದರು. ನನ್ನ ಕಡೆ ತಿರುಗಿ "ನೀವೂ ಬರಬೇಕು" ಅಂದರು. ಹೀಗೆ ನನಗೆ, ನನಗಿಂತ ಐದೇ ವರ್ಷ ಚಿಕ್ಕವಳಿಗೆ ಜ್ಞಾನತಾಯಿ, ಅಂದರೆ ಗಾಡ್‌ಮದರ್, ಆಗುವ ಯೋಗ ಬಂತು.

ಜ್ಞಾನತಾಯಿ ಆಗಲು ದೃಢೀಕರಣ, ಅಂದರೆ ಜ್ಞಾನಸ್ನಾನವನ್ನು ಗಟ್ಟಿಮಾಡುವ ಕನ್ಫರ್ಮೇಶನ್ ಸಂಸ್ಕಾರ, ಆಗಿರಬೇಕು. ಅದಕ್ಕೆ ಪುರಾವೆ ಬೇಕಲ್ಲ? ಜ್ಞಾನಸ್ನಾನ ಆದ ಚರ್ಚಿನ ದೊಡ್ಡ ಪುಸ್ತಕದಲ್ಲಿ ನಮ್ಮ ಹೆಸರಿನ ಪಕ್ಕದಲ್ಲೇ ದೃಢೀಕರಣ, ಮದುವೆ ಎಲ್ಲ ಬರೆದಿಡುತ್ತಾರೆ. ಮೈಸೂರಲ್ಲಿರುವ ತಮ್ಮ ಹೋಗಿ ಆ ಪುಟದ ಫೋಟೊ ಕಳಿಸಿದ. ನೀಲಿ ಶಾಯಿ, ಅಪ್ಪನ ಹೆಸರಲ್ಲಿ ಒಂದು ಅಕ್ಷರ ತಪ್ಪು. ನಾನು ಮೊದಲ ಸಲ ಅದನ್ನು ನೋಡಿದ್ದು.

ಈ ಮಂಗಳವಾರದ ಕೂಟಕ್ಕೆ ಇಲ್ಲಿ ಆರ್‌ಸಿಐಎ ಅನ್ನುತ್ತಾರೆ. ದೊಡ್ಡವರು ಕ್ರೈಸ್ತರಾಗುವ ದಾರಿ. ಮೊದಮೊದಲ ಶತಮಾನಗಳಲ್ಲಿ ಹೀಗೇ ಹಂತಹಂತವಾಗಿ ಸೇರಿಸಿಕೊಳ್ಳುತ್ತಿದ್ದರಂತೆ. ನಡುವೆ ಬಿಟ್ಟುಹೋಗಿತ್ತು. 1960ರ ದಶಕದಲ್ಲಿ ಬಿಷಪ್‌ಗಳೆಲ್ಲ ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆ ಅದನ್ನು ಮತ್ತೆ ತರಬೇಕು ಅಂದಿತು, 1972ರಲ್ಲಿ ಹೊಸ ವಿಧಿ ಬಂತು. ನಮ್ಮ ಗುಂಪಿನಲ್ಲಿ ಐದು ಜನ. ಹಾಂಗ್‌ಕಾಂಗಿನಿಂದ ಬಂದ ಗಂಡ ಹೆಂಡತಿ, ಇಂಗ್ಲೆಂಡಿನ ಆಂಗ್ಲಿಕನ್ ಚರ್ಚಿಗೆ ಸೇರಿದ ಒಬ್ಬರು ನಿವೃತ್ತ ಮೇಷ್ಟ್ರು, ಬಸ್ ಡ್ರೈವರ್ ಒಬ್ಬರು, ಮತ್ತೆ ಇವಳು. ನನ್ನ ಶಾಲೆಯ ಗೆಳೆಯನೊಬ್ಬ ಇದನ್ನು ಕೇಳಿ ವಾಟ್ಸಾಪಿನಲ್ಲಿ "ಮತಾಂತರಕ್ಕೆ ಎಷ್ಟು ಕೊಡ್ತಾರೆ?" ಅಂದ. "ಕೊಡೋದಿರಲಿ, ಪ್ರತಿ ವಾರ ಬಿಸ್ಕೆಟ್ ತರೋದು ಅವಳೇ" ಅಂತ ಬರೆದೆ. ಅವನು ಆಮೇಲೆ ಗುಡ್ ಮಾರ್ನಿಂಗ್ ಮಾತ್ರ ಕಳಿಸುತ್ತಿದ್ದಾನೆ.

ಹುಟ್ಟಾ ಕ್ಯಾಥೊಲಿಕ್ ನಾನು, ಹಾಗಾಗಿ ನನಗೆ ಎಲ್ಲ ಗೊತ್ತು ಅಂದುಕೊಂಡಿದ್ದೆ. ಗೊತ್ತಿದ್ದದ್ದು ಬಾಯಿಪಾಠ, ಅದೂ ಕನ್ನಡದಲ್ಲಿ. ನಾವು ಏನೇನು ನಂಬುತ್ತೇವೆ ಅಂತ ಹೇಳುವ ಪ್ರಾರ್ಥನೆ, ವಿಶ್ವಾಸ ಪ್ರಮಾಣ ಹೇಳುವಾಗ ಇಂಗ್ಲಿಷಿನಲ್ಲಿ ನಾಲ್ಕನೇ ಸಾಲಿಗೇ ತೊದಲಿದೆ. ಇವಳು ಅಲ್ಲೇ ಹಿಡಿದಳು: "ಯೇಸು ನರಕಕ್ಕೆ ಇಳಿದರು ಅಂತ ಇದೆಯಲ್ಲ, ಯಾಕೆ?" ನಾನು ನಲವತ್ತು ವರ್ಷ ಹೇಳಿದ್ದೇನೆ, ಒಂದು ದಿನ ಯೋಚಿಸಿಲ್ಲ. ಆಮೇಲೆ ಹೊಳೆಯಿತು, ಕನ್ನಡದಲ್ಲಿ ನಾವು ನರಕ ಅನ್ನುವುದಿಲ್ಲ, ಪಾತಾಳ ಅನ್ನುತ್ತೇವೆ. ಪಾತಾಳ ಅಂದರೆ ಬೆಂಕಿ, ಎಣ್ಣೆ ಕೊಪ್ಪರಿಗೆ ಅಲ್ಲ, ನಮ್ಮ ಬಲಿ ಚಕ್ರವರ್ತಿ ಇರುವ ಜಾಗ, ಕೆಳಗಿನ ಲೋಕ ಅಂತ ವಿವರಿಸಿದೆ. ಎಲ್ಲಿ ಬೈಸಿಕೊಳ್ಳುತ್ತೇನೋ ಅಂತ ಫಾದರ್ ಕಡೆ ನೋಡಿದರೆ ಅವರು ನಗುತ್ತಿದ್ದರು. ಇಲ್ಲಿ ಹೇಳುತ್ತಿರುವುದು ಶಿಕ್ಷೆಯ ನರಕ ಅಲ್ಲ, ಸತ್ತವರೆಲ್ಲ ಕಾಯುತ್ತಿದ್ದ ಜಾಗ, ನಿಮ್ಮ ಭಾಷೆಯ ಪದವೇ ವಾಸಿ ಅಂದರು. ಆ ರಾತ್ರಿ ಅಮ್ಮನಿಗೆ ಫೋನ್ ಮಾಡಿ ಕೊಚ್ಚಿಕೊಂಡೆ.

2023ರ ಡಿಸೆಂಬರ್ 3, ಕ್ರಿಸ್‌ಮಸ್‌ಗೆ ಸಿದ್ಧವಾಗುವ ಆಗಮನಕಾಲದ ಮೊದಲ ಭಾನುವಾರ, ಗುಂಪಿನವರನ್ನು ಚರ್ಚಿನ ಬಾಗಿಲಲ್ಲಿ ನಿಲ್ಲಿಸಿ ಸ್ವಾಗತಿಸಿದರು. "ದೇವರ ಸಭೆಯಿಂದ ಏನು ಕೇಳುತ್ತೀರಿ?" ಅಂತ ಫಾದರ್ ಕೇಳಬೇಕು, "ವಿಶ್ವಾಸ" ಅಂತ ಇವರು ಹೇಳಬೇಕು. ಹೇಳಿದರು. ಆಮೇಲೆ ಜ್ಞಾನತಾಯಿ, ಜ್ಞಾನತಂದೆಯರ ಕೆಲಸ: ಹೆಬ್ಬೆರಳಿನಿಂದ ಅವರ ಕಿವಿ, ಕಣ್ಣು, ತುಟಿ, ಎದೆ, ಹೆಗಲಿನ ಮೇಲೆ ಶಿಲುಬೆ ಗುರುತು ಹಾಕುವುದು. ಕಿವಿ ಆಯಿತು. ಕಣ್ಣಿಗೆ ಬಂದೆ. ಕನ್ನಡಕ ತೆಗೆಸಬೇಕು ಅಂತ ನನಗೂ ಹೊಳೆಯಲಿಲ್ಲ, ಅವಳಿಗೂ ಹೊಳೆಯಲಿಲ್ಲ. ನೇರ ಗಾಜಿನ ಮೇಲೇ ಎಳೆದೆ. ಬೆಳಿಗ್ಗೆ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿದ ಕೈ. ಎರಡು ಗಾಜಿನ ಮೇಲೂ ಎರಡು ಮಬ್ಬು ಶಿಲುಬೆ ಮೂಡಿತು. ಪೂಜೆ ಮುಗಿಯುವವರೆಗೂ ಅವಳು ಒರೆಸಲಿಲ್ಲ. ಒರೆಸಬಾರದು ಅಂದುಕೊಂಡಿದ್ದಳಂತೆ!

ಅವತ್ತಿನಿಂದ ಪ್ರತಿ ಭಾನುವಾರ ಫಾದರ್ ಪ್ರವಚನ ಮುಗಿದ ಕೂಡಲೇ, ರೊಟ್ಟಿಯ ಪರಮಪ್ರಸಾದ ಹಂಚುವ ಮೊದಲೇ, ಜ್ಞಾನಸ್ನಾನ ಆಗದವರನ್ನು ಪಕ್ಕದ ಕೋಣೆಗೆ ಕಳಿಸುತ್ತಿದ್ದರು. ಅವತ್ತಿನ ಬೈಬಲ್ ವಾಚನದ ಬಗ್ಗೆ ಮಾತಾಡಲು. ನನಗೆ ಮೊದಲು ಕಸಿವಿಸಿ ಆಯಿತು. ಮನೆಗೆ ಕರೆದು, ಎಲೆ ಹಾಕುವ ಹೊತ್ತಿಗೆ ಆಚೆ ಕಳಿಸಿದ ಹಾಗೆ. ಅವಳು ಮಾತ್ರ "ಹಸಿವು ಅಂದ್ರೆ ಏನು ಅಂತ ಗೊತ್ತಾಗ್ತಿದೆ" ಅಂದಳು. ನಾನು ಹಸಿವಾಗುವ ಮೊದಲೇ ಉಂಡವಳು, ಸುಮ್ಮನಾದೆ.

ಈಸ್ಟರಿಗೆ ಮುಂಚಿನ ಉಪವಾಸಕಾಲ ಶುರುವಾಗುವ ಬೂದಿ ಬುಧವಾರ 2024ರಲ್ಲಿ ಫೆಬ್ರವರಿ 14ಕ್ಕೇ ಬಂದಿತ್ತು. ಟ್ಯೂಬ್ ರೈಲಿನಲ್ಲಿ ಎಲ್ಲರ ಕೈಲಿ ಗುಲಾಬಿ, ನಮ್ಮ ಹಣೆಯಲ್ಲಿ ಬೂದಿ. ಆ ವಾರದ ಕೊನೆಗೆ ವಿಕ್ಟೋರಿಯಾ ಸ್ಟೇಷನ್ ಹತ್ತಿರದ ವೆಸ್ಟ್‌ಮಿನ್‌ಸ್ಟರ್ ಕ್ಯಾಥೆಡ್ರಲ್‌ಗೆ ಹೋದೆವು. ಒಂದೊಂದೇ ಚರ್ಚಿನ ಹೆಸರು ಕರೆದು, ಈ ಪಾಸ್ಕಕ್ಕೆ, ಅಂದರೆ ಈಸ್ಟರಿಗೆ, ಜ್ಞಾನಸ್ನಾನ ಪಡೆಯುವವರನ್ನು ಎದ್ದು ನಿಲ್ಲಿಸುತ್ತಾರೆ. ತಲೆ ಎತ್ತಿದರೆ ಚಾವಣಿ ಕಪ್ಪು ಇಟ್ಟಿಗೆ. ಮೊಸಾಯಿಕ್ ಕೆಲಸ ಪೂರ್ತಿ ಆಗಿಯೇ ಇಲ್ಲ, 1903ರಲ್ಲಿ ಬಾಗಿಲು ತೆರೆದ ಕಟ್ಟಡ. "ನನ್ನ ಥರಾನೇ, ಅರ್ಧಂಬರ್ಧ" ಅಂದಳು.

ಬಸ್ ಡ್ರೈವರ್ ಅಲ್ಲಿಗೆ ಬರಲಿಲ್ಲ. ಅವರದು ಎರಡನೇ ಮದುವೆ. ಮೊದಲನೆಯದು ಡೈವೋರ್ಸ್ ಆಗಿ ಎಷ್ಟೋ ವರ್ಷ ಆಯಿತು. ಆದರೆ ಕೋರ್ಟು ಮುರಿದರೂ ಚರ್ಚು ಆ ಮದುವೆಯನ್ನು ಮದುವೆ ಅಂತಲೇ ಹಿಡಿಯುತ್ತದೆ, ಕ್ಯಾಥೊಲಿಕ್ ಅಲ್ಲದವರದ್ದಾದರೂ. ಅದು ಮೊದಲಿಂದಲೂ ಸಿಂಧುವಲ್ಲ ಅಂತ ಚರ್ಚಿನ ನ್ಯಾಯಮಂಡಳಿ ಹೇಳುವವರೆಗೂ ಕಾಯಬೇಕು. ನಿಯಮದ ಹಿಂದಿನ ತರ್ಕ ನನಗೆ ಅರ್ಥವಾಗುತ್ತದೆ. ಆದರೂ ಆ ಮನುಷ್ಯ ಒಂದು ಮಂಗಳವಾರವೂ ತಪ್ಪಿಸಿದವರಲ್ಲ. ಸಿಟ್ಟು ಬಂದದ್ದು ನನಗೆ, ಅವರಿಗಲ್ಲ.

ಮೇಷ್ಟ್ರ ದಾರಿ ಸಲೀಸು. ಆಂಗ್ಲಿಕನ್ ಚರ್ಚಿನಲ್ಲಿ ಜ್ಞಾನಸ್ನಾನ ಆಗಿತ್ತು, ಎರಡನೇ ಸಲ ಕೊಡುವ ಹಾಗಿಲ್ಲ. ಆದರೆ ಮೊದಲು ಪಾಪನಿವೇದನೆ, ಅಂದರೆ ಫಾದರ್ ಮುಂದೆ ತಪ್ಪುಗಳನ್ನೆಲ್ಲ ಒಪ್ಪಿಕೊಳ್ಳುವುದು, ಮಾಡಬೇಕು. ಇವಳಿಗೆ ಅದೂ ಬೇಡ, ಜ್ಞಾನಸ್ನಾನವೇ ಎಲ್ಲ ತೊಳೆಯುತ್ತದೆ. "ಇದು ಮೋಸ, ನನ್ನದು 67 ವರ್ಷದ ಲೆಕ್ಕ!" ಅಂತ ಮೇಷ್ಟ್ರು ಗೊಣಗಿದರು.

ಮಾರ್ಚ್ 30, ಶನಿವಾರ ರಾತ್ರಿ, ಪಾಸ್ಕ ಜಾಗರಣೆ. ಕತ್ತಲಾದ ಮೇಲೆ ಕಾರ್ ಪಾರ್ಕಿನಲ್ಲಿ ಬೆಂಕಿ ಹಾಕಬೇಕು. ಗಾಳಿಗೆ ಮೂರು ಸಲ ಆರಿತು. ಕೊನೆಗೆ ಹೊತ್ತಿಸಿದ್ದು ಬಸ್ ಡ್ರೈವರ್, ಕೋಟನ್ನು ಅಡ್ಡ ಹಿಡಿದು. ಆ ಬೆಂಕಿಯಿಂದ ದೊಡ್ಡ ಮೇಣದಬತ್ತಿ, ಅದರಿಂದ ನಮ್ಮೆಲ್ಲರ ಕೈಯ ಸಣ್ಣ ಬತ್ತಿ. ಹಳೆ ಒಡಂಬಡಿಕೆಯ ಏಳು ವಾಚನಗಳನ್ನೂ ಬಿಡದೆ ಓದಿಸಿದರು. ನನ್ನ ಮಗ ಐದನೆಯದಕ್ಕೆ ನಿದ್ದೆ ಹೋದ.

ಅವಳು ತೊಟ್ಟಿಯ ಮೇಲೆ ಬಗ್ಗಿದಳು. ಈ ಸಲ ಕನ್ನಡಕ ನಾನೇ ತೆಗೆದು ಕೈಯಲ್ಲಿ ಹಿಡಿದೆ. ಮೂರು ಸಲ ನೀರು. ಕಿರುಚಲಿಲ್ಲ, ಆದರೆ ತಣ್ಣೀರಿಗೆ "ಊಹ್" ಅಂದದ್ದು ಮೈಕಿನಲ್ಲಿ ಕೇಳಿಸಿತು. ಬಿಳಿ ಬಟ್ಟೆ, ದೀಪ, ಹಣೆಗೆ ಸುವಾಸನೆಯ ತೈಲ, ನನ್ನ ಬಲಗೈ ಅವಳ ಹೆಗಲ ಮೇಲೆ. ಆಮೇಲೆ ಮೊದಲ ಪರಮಪ್ರಸಾದ. ಇಷ್ಟು ತಿಂಗಳು ವಾರದ ದಿನಗಳ ಬೆಳಗಿನ ಪೂಜೆಯಲ್ಲಿ ಎದೆಗೆ ಕೈಕಟ್ಟಿ ಆಶೀರ್ವಾದ ಮಾತ್ರ ಪಡೆದು ಬರುತ್ತಿದ್ದವಳು ಅಭ್ಯಾಸಬಲದಿಂದ ಅವತ್ತೂ ಕೈಕಟ್ಟಿಕೊಂಡೇ ಹೋದಳು. ಫಾದರ್ ಸುಮ್ಮನೆ ಕಾದರು. ಅವಳು ಕೈ ಬಿಚ್ಚಿದಳು.

ಹೊರಗೆ ಬಂದಾಗ ಹನ್ನೊಂದೂವರೆ. ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುವ ರಾತ್ರಿಯೂ ಅದೇ, ನಿದ್ದೆಗೆ ಕತ್ತರಿ.

ಈಗ 2024ರ ಜೂನ್. ಪಾಸ್ಕಕಾಲ ಮುಗಿಸುವ ಪಂಚಾಶತ್ತಮ ಹಬ್ಬ ಕಳೆಯಿತು, ಇವಳು ಈಗ ನಮ್ಮ ಹಾಗೇ ಕೆಲವು ಭಾನುವಾರ ತಡವಾಗಿ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಾಳೆ. ಬಸ್ ಡ್ರೈವರಿಗೆ ನ್ಯಾಯಮಂಡಳಿಯ ಕಾಗದ ಇನ್ನೂ ಬಂದಿಲ್ಲ. ಹೊಸ ಗುಂಪಿಗೆ ಸೆಪ್ಟೆಂಬರಿನಲ್ಲಿ ಚರ್ಚಿನ ಸಭಾಂಗಣದ ಬಾಗಿಲು ತೆಗೆದು ಕೆಟಲ್ ಹಾಕುವ ಕೆಲಸ ನನಗೇ ಇರಲಿ ಅಂತ ಈಗಲೇ ಹೇಳಿಟ್ಟಿದ್ದಾರೆ.