ಸೀರಿಯಲ್ ರೆಕಾರ್ಡ್ ಮಾಡಲು ಯಾವ ಡಿಶ್ ಹಾಕಿಸಬೇಕು?

ಟಿವಿ, ವಯರು, ರಿಮೋಟು ಅಂತ ಸ್ವಲ್ಪ ಜಾಸ್ತಿ ಮಾತಾಡುವವನು ನಾನು. ಹಾಗಾಗಿ ಮಂಗಳೂರಿನಲ್ಲಿ ಯಾವ ನೆಂಟರ ಮನೆಗೆ ಹೋದರೂ ಇದೇ ಪ್ರಶ್ನೆ: "ಯಾವ ಡಿಶ್ ಒಳ್ಳೆಯದು ಮಾರಾಯ್ರೆ? ಸೀರಿಯಲ್ ರೆಕಾರ್ಡ್ ಆಗಬೇಕು." ಕಂಪನಿ ಹೆಸರು ಆಮೇಲೆ ನೋಡುವಾ, ಮೊದಲು ಟೆರೇಸ್ ಹತ್ತಿ ಅನ್ನುತ್ತೇನೆ ನಾನು.

ಕಂಪನಿಗಳ ನಡುವೆ ನಾವು ಅಂದುಕೊಂಡಷ್ಟು ವ್ಯತ್ಯಾಸ ಇಲ್ಲ. 2019ರಲ್ಲಿ ಟ್ರಾಯ್ (ಟಿವಿ, ಫೋನ್ ಕಂಪನಿಗಳ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ) ನಿಯಮ ಜಾರಿಯಾದ ಮೇಲೆ ಪ್ರತಿ ಚಾನೆಲ್‌ನ ಗರಿಷ್ಠ ಬೆಲೆಯನ್ನು ಚಾನೆಲ್‌ನವರೇ ಹೇಳಬೇಕು, ಹಾಗಾಗಿ ಉದಯ, ಕಲರ್ಸ್ ಕನ್ನಡ, ಜೀ ಕನ್ನಡ ಯಾವ ಡಿಶ್‌ನಲ್ಲಿ ನೋಡಿದರೂ ಖರ್ಚು ಹೆಚ್ಚುಕಡಿಮೆ ಅಷ್ಟೇ. ಡಿಶ್ ಟಿವಿ ಮತ್ತು ಡಿ2ಎಚ್ ಅಂತೂ 2018ರಿಂದ ಒಂದೇ ಕಂಪನಿ. ಟಾಟಾ ಸ್ಕೈ ಅಂದರೆ ಈಗಿನ ಟಾಟಾ ಪ್ಲೇ. ಅವರು ಹೆಸರು ಬದಲಿಸಿದ್ದು 2022ರಲ್ಲಿ.

ನಿಜವಾದ ವ್ಯತ್ಯಾಸ ಇರುವುದು ಆಕಾಶದಲ್ಲಿ. ಟಾಟಾ ಪ್ಲೇ ಉಪಗ್ರಹ ಇರುವುದು 83 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಮಂಗಳೂರಿನಿಂದ ಲೆಕ್ಕ ಹಾಕಿದರೆ ಅದು ಸುಮಾರು 72 ಡಿಗ್ರಿ ಎತ್ತರದಲ್ಲಿ, ಅಂದರೆ ಹೆಚ್ಚುಕಡಿಮೆ ನೆತ್ತಿಯ ಮೇಲೆ, ಸ್ವಲ್ಪ ಆಗ್ನೇಯಕ್ಕೆ ವಾಲಿದ ಹಾಗೆ. ಏರ್‌ಟೆಲ್‌ನದ್ದು 108.2 ಡಿಗ್ರಿಯಲ್ಲಿದೆ. ನಮ್ಮಲ್ಲಿಂದ ಅದು ಪೂರ್ವಕ್ಕೆ, ಸುಮಾರು 49 ಡಿಗ್ರಿ ಎತ್ತರದಲ್ಲಷ್ಟೇ. ಮನೆಯ ಪೂರ್ವಕ್ಕೆ ಒತ್ತಾಗಿ ತೆಂಗಿನ ಮರಗಳೋ ಪಕ್ಕದ ಅಪಾರ್ಟ್‌ಮೆಂಟೋ ಇದ್ದರೆ ಎರಡನೆಯದು ಕಷ್ಟ. ಮೊದಲನೆಯದಕ್ಕೆ ಬೇರೆ ತೊಂದರೆ ಬರಬಹುದು. ಮಳೆಗೆಂದು ಟೆರೇಸ್ ಪೂರ್ತಿ ಶೀಟ್ ಹಾಕಿಸಿರುತ್ತೇವಲ್ಲ, ಅಷ್ಟು ಮೇಲಕ್ಕೆ ನೋಡಬೇಕಾದ ಡಿಶ್ಶನ್ನು ಅದರ ಕೆಳಗೆ ಕೂರಿಸಿದರೆ ಏನೂ ಸಿಗುವುದಿಲ್ಲ.

ಇನ್ನು ಮಳೆ. ಜೂನ್ ಬಂತೆಂದರೆ "ಈ ಕಂಪನಿ ಸರಿ ಇಲ್ಲ, ಸಿಗ್ನಲ್ ಹೋಗ್ತದೆ" ಅಂತ ಶುರು. ನಮ್ಮಲ್ಲಿ ಮನೆಯ ಸಣ್ಣ ಡಿಶ್‌ಗಳೆಲ್ಲ ಕೆಯು ಬ್ಯಾಂಡ್ ಅನ್ನುವ ತರಂಗ ಶ್ರೇಣಿಯವು. ಆ ತರಂಗದ ಉದ್ದ ಬರೀ ಎರಡೂವರೆ ಸೆಂಟಿಮೀಟರ್ ಆಸುಪಾಸು, ದಪ್ಪ ಹನಿಗಳ ಮಳೆ ಅದನ್ನು ಹೀರಿಬಿಡುತ್ತದೆ. ಕೇಬಲ್‌ನವರು ದೊಡ್ಡ ಡಿಶ್‌ನಲ್ಲಿ ಹಿಡಿಯುವ, ಇನ್ನೂ ಉದ್ದ ತರಂಗದ ಸಿ ಬ್ಯಾಂಡ್‌ಗೆ ಮಳೆಯ ಕಾಟ ತುಂಬಾ ಕಡಿಮೆ. ಹಾಗಾಗಿ ಕಂಪನಿ ಬದಲಿಸಿದರೆ ಮಳೆಯ ಸಮಸ್ಯೆ ಹೋಗುವುದಿಲ್ಲ. ಡಿಶ್ಶನ್ನು ಸರಿಯಾಗಿ ತಿರುಗಿಸಿ ಬಿಗಿದರೆ ಸಣ್ಣ ಮಳೆಗಾದರೂ ತಡೆಯುತ್ತದೆ.

ಈಗ ರೆಕಾರ್ಡಿಂಗ್. ಒಂದು ಬಗೆಯ ಬಾಕ್ಸ್‌ನಲ್ಲಿ ಒಳಗೇ ಹಾರ್ಡ್ ಡಿಸ್ಕ್ ಇರುತ್ತದೆ, ಟಾಟಾ ಸ್ಕೈ ಪ್ಲಸ್ ಎಚ್‌ಡಿಯಲ್ಲಿ 500 ಜಿಬಿ ಇತ್ತು. ಒಂದು ಚಾನೆಲ್ ನೋಡುತ್ತಾ ಇನ್ನೊಂದನ್ನು ರೆಕಾರ್ಡ್ ಮಾಡಬಹುದು. ಅದಕ್ಕೆ ಬಾಕ್ಸ್‌ನಲ್ಲಿ ಚಾನೆಲ್ ಹಿಡಿಯುವ ಟ್ಯೂನರ್ ಎರಡು ಬೇಕು, ಡಿಶ್‌ನಿಂದ ಎರಡು ಕೇಬಲ್ ಎಳೆಯಬೇಕು. ಇನ್ನೊಂದು ಬಗೆ ಅಗ್ಗದ್ದು: ಬಾಕ್ಸ್‌ನ ಹಿಂದೆ ಯುಎಸ್‌ಬಿ ಕಿಂಡಿ, ಅದಕ್ಕೆ ನಿಮ್ಮದೇ ಪೆನ್ ಡ್ರೈವ್ ಅಥವಾ ಹಾರ್ಡ್ ಡಿಸ್ಕ್. ಎಚ್‌ಡಿ ಚಾನೆಲ್‌ಗೆ ಸೆಕೆಂಡಿಗೆ 8 ಮೆಗಾಬಿಟ್ ಅಂತ ಹಿಡಿದರೂ ಗಂಟೆಗೆ 3.6 ಜಿಬಿ ಆಗುತ್ತದೆ. 32 ಜಿಬಿ ಪೆನ್ ಡ್ರೈವ್ ಒಂದು ಕ್ರಿಕೆಟ್ ಮ್ಯಾಚ್‌ಗೆ ಸಾಕು, ಮನೆಮಂದಿಯ ಸೀರಿಯಲ್ಲುಗಳಿಗೆ ಸಾಲದು. ಮತ್ತೆ, ಹೀಗೆ ರೆಕಾರ್ಡ್ ಮಾಡಿದ್ದನ್ನು ಕಂಪ್ಯೂಟರ್‌ಗೆ ಹಾಕಿ ನೋಡಲು ಆಗುವುದಿಲ್ಲ. ಅದಕ್ಕೆ ಬೀಗ ಹಾಕಿರುತ್ತಾರೆ, ಬೀಗದ ಕೈ ಆ ಬಾಕ್ಸ್‌ನೊಳಗೇ. ಬಾಕ್ಸ್ ಕೆಟ್ಟು ಬದಲಿಸಿದರೆ ಹಳೆಯ ರೆಕಾರ್ಡಿಂಗ್ ಎಲ್ಲ ಹೋಯಿತು ಅಂತಲೇ ಲೆಕ್ಕ. ಮೊಮ್ಮಗುವಿನ ಡ್ಯಾನ್ಸ್ ಟಿವಿಯಲ್ಲಿ ಬಂದರೆ ಈ ಬಾಕ್ಸ್ ನಂಬಬೇಡಿ.

ಯಾವ ಕಂಪನಿಯ ಜಾಹೀರಾತೂ ಹೇಳದ ವಿಷಯ ಇನ್ನೊಂದಿದೆ. ರೆಕಾರ್ಡ್ ಆಗಬೇಕಾದರೆ ಆ ಹೊತ್ತಿಗೆ ಕರೆಂಟ್ ಇರಬೇಕು, ಸಿಗ್ನಲ್ ಇರಬೇಕು, ಬಾಕ್ಸ್‌ನ ಪ್ಲಗ್ ಸ್ವಿಚ್ ಆನ್ ಇರಬೇಕು. ನಮ್ಮೂರಲ್ಲಿ ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಕೇಳಿದ ಕೂಡಲೇ ಮನೆಯ ಹಿರಿಯರು ಮಾಡುವ ಮೊದಲ ಕೆಲಸ ಯಾವುದು? ಟಿವಿಯ ಪ್ಲಗ್ ಕೀಳುವುದು! ಸಿಡಿಲಿಗೆ ಬಾಕ್ಸ್ ಸುಡುವುದಕ್ಕಿಂತ ಅದೇ ಸರಿ, ಡಿಶ್ ಕೇಬಲ್ಲನ್ನೂ ಕಳಚಿದರೆ ಇನ್ನೂ ಒಳ್ಳೆಯದು. ಆದರೆ ಆವತ್ತಿನ ಎಂಟೂವರೆಯ ಸೀರಿಯಲ್ ಕಥೆ ಅಷ್ಟೇ.

ಹಾಗಾಗಿ ಮನೆಯಲ್ಲಿ ಫೈಬರ್ ನೆಟ್ ಇರುವವರಿಗೆ ನಾನು ರೆಕಾರ್ಡಿಂಗ್ ಬಾಕ್ಸ್ ಬೇಡವೇ ಬೇಡ ಅನ್ನುತ್ತೇನೆ. ಜೀ ಕನ್ನಡದ್ದು ಜೀ5 ಆ್ಯಪ್‌ನಲ್ಲಿ, ಉದಯದ್ದು ಸನ್ ನೆಕ್ಸ್ಟ್‌ನಲ್ಲಿ, ಕಲರ್ಸ್ ಕನ್ನಡದ್ದು ಜಿಯೋ ಹಾಟ್‌ಸ್ಟಾರ್‌ನಲ್ಲಿ ಆಮೇಲೂ ಸಿಗುತ್ತದೆ. ಏರ್‌ಟೆಲ್ ಎಕ್ಸ್‌ಸ್ಟ್ರೀಮ್, ಟಾಟಾ ಪ್ಲೇ ಬಿಂಜ್ ಪ್ಲಸ್ ಥರದ ಆಂಡ್ರಾಯ್ಡ್ ಬಾಕ್ಸ್ ಇದ್ದರೆ ಚಾನೆಲ್ಲೂ ಆ್ಯಪೂ ಒಂದೇ ರಿಮೋಟ್‌ನಲ್ಲಿ. ನೆಟ್ ಎಳೆದಾಡುವ ಒಳ ಊರುಗಳಲ್ಲಿ ಯುಎಸ್‌ಬಿ ರೆಕಾರ್ಡಿಂಗ್ ಇರುವ ಸಾದಾ ಎಚ್‌ಡಿ ಬಾಕ್ಸ್, 500 ಜಿಬಿಯ ಒಂದು ಹಾರ್ಡ್ ಡಿಸ್ಕ್, ಮತ್ತೆ ಬಾಕ್ಸನ್ನೂ ಇನ್ವರ್ಟರ್ ಲೈನಿಗೆ ಕೊಡಿಸಿ. ಕಂಪನಿ ಯಾವುದೆಂದು ನಿಮ್ಮ ತೆಂಗಿನ ಮರಗಳು ಹೇಳುತ್ತವೆ. ಯಕ್ಷಗಾನ, ಕಂಬಳ, ಉಡುಪಿ ಪರ್ಯಾಯದ ನೇರ ಪ್ರಸಾರ ಬೇಕೆಂದರೆ ಮಾತ್ರ ಕೇಬಲ್ ಬಿಡಬೇಡಿ, ಸ್ಥಳೀಯ ಚಾನೆಲ್‌ಗಳ ವಿಷಯದಲ್ಲಿ ಡಿಶ್ ಅದಕ್ಕೆ ಸಮ ಅಲ್ಲ.

ಮಲ್ಪೆ, ಉಳ್ಳಾಲದ ಕಡೆ ಸಮುದ್ರಕ್ಕೆ ಹತ್ತಿರ ಇರುವವರು ಡಿಶ್ ಕೂರಿಸಲು ಬಂದ ಹುಡುಗನ ಹತ್ತಿರ ಕೇಬಲ್ ತುದಿಯ ಕನೆಕ್ಟರ್‌ಗೆ ನೀರು ಹೋಗದ ಹಾಗೆ ಟೇಪ್ ಸುತ್ತಲು ಹೇಳಿ. ಉಪ್ಪುಗಾಳಿಗೆ ಮೊದಲು ಹಾಳಾಗುವುದು ಅದೇ. ಆಮೇಲೆ ಬೈಗಳು ಮಾತ್ರ ಕಂಪನಿಗೆ.