ಏಳೂ ಪುಸ್ತಕ ಒಟ್ಟಿಗೆ ತಂದಿಟ್ಟಿದ್ದೇ ತಪ್ಪಾಯ್ತು

ಮಗಳಿಗೆ ಆಗ ಎಂಟು ವರ್ಷ. ಹ್ಯಾರಿ ಪಾಟರ್ ಮೊದಲ ಪುಸ್ತಕವನ್ನು ನಾಲ್ಕೇ ದಿನದಲ್ಲಿ ಮುಗಿಸಿಬಿಟ್ಟಳು. ನನಗೋ ಹಿಗ್ಗೋ ಹಿಗ್ಗು. ಏಳೂ ಪುಸ್ತಕ ತಂದು ಅವಳ ಕಪಾಟಿನಲ್ಲಿ ಜೋಡಿಸಿಟ್ಟೆ. ನಾಲ್ಕನೆಯದರ ಕೊನೆಗೆ ಬಂದ ರಾತ್ರಿ ಪುಸ್ತಕವನ್ನು ಬೋರಲು ಹಾಕಿ, ಅದರ ಮೇಲೆ ದಿಂಬು ಇಟ್ಟು, "ಅಮ್ಮ, ಲೈಟ್ ಆರಿಸ್ಬೇಡ" ಅಂದಳು. ಅಲ್ಲಿ ಒಬ್ಬ ಹುಡುಗ ಸಾಯುತ್ತಾನೆ. ಒಳ್ಳೆಯ ಹುಡುಗ, ಏನೂ ತಪ್ಪು ಮಾಡದವನು, ಕಣ್ಣು ಮುಚ್ಚಿ ತೆಗೆಯುವುದರೊಳಗೆ.

ತಪ್ಪು ಪುಸ್ತಕದ್ದಲ್ಲ, ನನ್ನದೇ. ಮೊದಲ ಪುಸ್ತಕದಲ್ಲಿ ಹ್ಯಾರಿಗೆ 11 ವರ್ಷ, ಕೊನೆಯದರಲ್ಲಿ 17. ಮೊದಲನೆಯದು ಬಂದಿದ್ದು 1997ರಲ್ಲಿ, ಏಳನೆಯದು 2007ರಲ್ಲಿ. ಆಗಿನ ಮಕ್ಕಳು ಒಂದೊಂದಕ್ಕೂ ಕಾದು ಕಾದು ಓದಿದವರು, ಕಥೆ ಕಪ್ಪಾಗುತ್ತಾ ಹೋದ ಹಾಗೆ ಅವರೂ ದೊಡ್ಡವರಾಗಿದ್ದರು. ಈಗ ಹಾಗಲ್ಲ. ಒಂದೇ ರಜೆಯಲ್ಲಿ ಕಥೆಯ ಹುಡುಗ ಆರು ವರ್ಷ ಬೆಳೆಯುತ್ತಾನೆ, ಓದುವ ಮಗು ಆರು ವಾರ ಬೆಳೆದಿರುತ್ತೆ ಅಷ್ಟೇ. ದಪ್ಪ ನೋಡಿದರೂ ಗೊತ್ತಾಗಬೇಕಿತ್ತು ನನಗೆ: ಬ್ರಿಟಿಷ್ ಆವೃತ್ತಿಯಲ್ಲಿ ಮೊದಲನೆಯದು 223 ಪುಟ, ಐದನೆಯದು 766!

ಅದಕ್ಕೇ ಈಗ ಸರಣಿ ಅಂದರೆ ಮೊದಲು ಕೊನೆಯ ಪುಸ್ತಕ ಕೈಗೆತ್ತಿಕೊಳ್ಳುತ್ತೇನೆ. ನಡುವಿನ ಒಂದು ಅಧ್ಯಾಯ ಓದುತ್ತೇನೆ. ಬೆನ್ನುಡಿ ನಂಬಲ್ಲ, ಅದು ಮಾರೋದಕ್ಕೆ ಬರೆದಿದ್ದು. ಮುಖಪುಟವನ್ನಂತೂ ನಂಬಲೇಬೇಡಿ. ಡ್ರ್ಯಾಗನ್ ಇದ್ದ ಮಾತ್ರಕ್ಕೆ ಮಕ್ಕಳ ಪುಸ್ತಕ ಆಗಲ್ಲ. ಈಗ ರೊಮಾಂಟಸಿ ಅಂತ, ಮಾಯಾಲೋಕದ ಕಥೆಗೆ ಪ್ರೇಮ ಬೆರೆಸಿದ ಒಂದು ಬಗೆ ಜೋರಾಗಿ ಓಡ್ತಿದೆ, ಹೊರಗೆ ಡ್ರ್ಯಾಗನ್ನು, ಕತ್ತಿ, ಹೂಬಳ್ಳಿ, ಒಳಗೆ ದೊಡ್ಡವರ ಮಲಗುವ ಕೋಣೆ. ಹನ್ನೆರಡರ ಮಗುವಿಗೆ ಉಡುಗೊರೆ ಅಂತ ಕೊಟ್ಟು ಆಮೇಲೆ ತಲೆ ಮೇಲೆ ಕೈ ಹೊತ್ತು ಕೂತವರು ನನಗೇ ಗೊತ್ತು.

ಪ್ರಕಾಶಕರು ಹಾಕುವ ವಯಸ್ಸೂ ಅಷ್ಟಕ್ಕಷ್ಟೆ. 8ರಿಂದ 12ರವರೆಗೆ ಮಿಡಲ್ ಗ್ರೇಡ್, ಅದರ ಮೇಲೆ 18ರ ತನಕ ಯಂಗ್ ಅಡಲ್ಟ್. ಹನ್ನೆರಡಕ್ಕೂ ಹದಿನೆಂಟಕ್ಕೂ ಒಂದೇ ಚೀಟಿ ಅಂದ್ರೆ ಹೇಗೆ, ಅಲ್ವಾ? ಇದರಲ್ಲಿ ಒಂದು ತಮಾಷೆ ಇದೆ. ಟೋಲ್ಕಿನ್ ಬರೆದ ಮಕ್ಕಳ ಫ್ಯಾಂಟಸಿ ‘ದಿ ಹಾಬಿಟ್’ 1937ರಲ್ಲಿ ಅಚ್ಚಾಗುವ ಮೊದಲು ಪ್ರಕಾಶಕರು ಹಸ್ತಪ್ರತಿಯನ್ನು ತಮ್ಮ ಹತ್ತು ವರ್ಷದ ಮಗನ ಕೈಗೆ ಕೊಟ್ಟು ಓದಿಸಿದ್ದರು, ಅದಕ್ಕೆ ಒಂದು ಶಿಲ್ಲಿಂಗ್ ಕೂಲಿ. ಚೆನ್ನಾಗಿದೆ, 5ರಿಂದ 9 ವರ್ಷದ ಮಕ್ಕಳಿಗೆ ಇಷ್ಟ ಆಗುತ್ತೆ ಅಂತ ಆ ಹುಡುಗ ಬರೆದುಕೊಟ್ಟ. ತಾನು ಅದನ್ನೆಲ್ಲ ದಾಟಿದವನು ಅನ್ನೋ ಗತ್ತು ನೋಡಿ!

ಭಯದ ವಿಷಯದಲ್ಲಿ ನಮ್ಮ ಲೆಕ್ಕವೇ ತಪ್ಪು. ಮೂರು ತಲೆಯ ನಾಯಿ ಬಂದಾಗ ನನ್ನ ಮಗಳು ಬಿದ್ದು ಬಿದ್ದು ನಕ್ಕಿದ್ದಳು. ದೈತ್ಯ ಜೇಡಗಳಿಗೂ ಹೆದರಲಿಲ್ಲ. ಆ ರಾತ್ರಿ ಅವಳು ಕೇಳಿದ್ದು, "ಆ ಹುಡುಗನ ಅಪ್ಪ ಅಮ್ಮಂಗೆ ಯಾರು ಹೇಳ್ತಾರೆ?" ಅಂತ. ರಾಕ್ಷಸರು ಎಷ್ಟು ಬೇಕಾದರೂ ಇರಲಿ, ಮಕ್ಕಳು ಅರಗಿಸಿಕೊಳ್ಳುತ್ತಾರೆ. ಯಾರೋ ಬಿಟ್ಟು ಹೋಗುವುದು, ನಂಬಿದ ದೊಡ್ಡವರೇ ಮೋಸ ಮಾಡುವುದು, ಸಾಕಿದ ಪ್ರಾಣಿ ಸಾಯುವುದು, ಇವನ್ನು ತಡೆದುಕೊಳ್ಳಲ್ಲ. ಅಂಥವು ಇರಬಾರದು ಅಂತಲ್ಲ. ಆ ಪುಟ ಬರುವ ರಾತ್ರಿ ನಾವು ಪಕ್ಕದಲ್ಲಿರಬೇಕು, ಸಾಕು.

ಭಾಷೆ ಕಷ್ಟವಾ ಅಂತ ನೋಡೋಕೆ ಐದು ಬೆರಳಿನ ಲೆಕ್ಕ ಹಲವರಿಗೆ ಗೊತ್ತಿರುತ್ತೆ. ಯಾವುದಾದರೂ ಒಂದು ಪುಟ ಓದಿಸಿ, ಗೊತ್ತಿಲ್ಲದ ಪದ ಬಂದಾಗಲೆಲ್ಲ ಒಂದು ಬೆರಳು ಮಡಚೋದು, ಐದೂ ಮಡಚಿದರೆ ಆ ಪುಸ್ತಕ ಸದ್ಯಕ್ಕೆ ಬೇಡ. ಫ್ಯಾಂಟಸಿಗೆ ಇದನ್ನು ಹಾಗೇ ಹಚ್ಚಬೇಡಿ. ಅದರಲ್ಲಿ ಊರು, ಪ್ರಾಣಿ, ಮಂತ್ರ ಎಲ್ಲ ಲೇಖಕರೇ ಕಟ್ಟಿದ ಹೆಸರು, ನಮಗೂ ಹೊಸದೇ. ಅವನ್ನು ಬಿಟ್ಟು ಎಣಿಸಿ.

ಸಿ.ಎಸ್. ಲೂಯಿಸ್ ಬರೆದ ಏಳು ಪುಸ್ತಕಗಳ ನಾರ್ನಿಯಾ ಸರಣಿ ತರೋರಿಗೆ ಒಂದು ಮಾತು. ಈಗಿನ ಸೆಟ್ಟಿನಲ್ಲಿ 1 ಅಂತ ಅಂಕಿ ಹೊತ್ತಿರುವ ‘ದಿ ಮೆಜಿಶಿಯನ್ಸ್ ನೆಫ್ಯೂ’ ನಿಜವಾಗಿ ಬಂದಿದ್ದು ಆರನೆಯದಾಗಿ, 1955ರಲ್ಲಿ. 1950ರಲ್ಲಿ ಮೊದಲು ಬಂದಿದ್ದು ಬಟ್ಟೆ ಬೀರುವಿನೊಳಗಿಂದ ಹಿಮದ ಕಾಡಿಗೆ ಕಾಲಿಡುವ ಕಥೆ. ಅದರಿಂದಲೇ ಶುರು ಮಾಡಿ. ಬೀರುವಿನ ಗುಟ್ಟು ‘ನೆಫ್ಯೂ’ ಓದಿ ಮೊದಲೇ ತಿಳಿದುಹೋದರೆ ಏನು ಮಜಾ?

ಓದೋಕೇ ಒಲ್ಲೆ ಅನ್ನೋ ಹದಿಮೂರರ ಹುಡುಗರಿಗೆ ದಪ್ಪ ಪುಸ್ತಕ ತೋರಿಸಲೇಬೇಡಿ. ಚಿತ್ರಗಳಲ್ಲೇ ಕಥೆ ಹೇಳುವ ಗ್ರಾಫಿಕ್ ಕಾದಂಬರಿ ಕೊಡಿ, ಆಡಿಯೋ ಕೇಳಿಸಿ. ಐವತ್ತು ಪುಟಕ್ಕೆ ಬಿಟ್ಟರೆ ಸುಮ್ನೆ ಬಿಡಿ.

ನಮ್ಮನೆ ನಾಲ್ಕನೆಯ ಪುಸ್ತಕಕ್ಕೆ ಬರೋಣ. ಮೂರು ವರ್ಷ ಆದಮೇಲೆ ಅವಳೇ ಅದನ್ನು ಎತ್ತಿಕೊಂಡು ಮೊದಲಿಂದ ಓದಿದಳು. ಆ ಪುಟದಲ್ಲಿ ಅತ್ತಳು, ಹೆದರಲಿಲ್ಲ. ಐದನೆಯದನ್ನು ನಾನು ಹಳೇ ಬೆಡ್‌ಶೀಟುಗಳ ಹಿಂದೆ ಬಚ್ಚಿಟ್ಟಿದ್ದೆ, ತೆಗೆದುಕೊಡೋಣ ಅಂತ ಎದ್ದೆ. "ಬೇಡ ಕೂತ್ಕೋ ಅಮ್ಮ, ಎಲ್ಲಿಟ್ಟಿದೀಯ ಅಂತ ನಂಗೆ ಅವತ್ತಿಂದಾನೂ ಗೊತ್ತು" ಅಂದಳು.